ನನ್ನ ಮೈಮೇಲೆ ಬಂದದ್ದು ಅವ್ವನಲ್ಲ

ಇಟಗಿಯ ಭೀಮಾಂಬಿಕೆಯನ್ನು ನಂಬಿ ನಡೆಯುವ ಅಕ್ಕಂದಿರೇ, ತಾಯಂದಿರೇ, ಇದನ್ನು ಓದಿ ನಿಮ್ಮಲ್ಲಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ. ನನ್ನ ಸಿಟ್ಟೂ ಇನ್ನೂ ಇಳಿದಿಲ್ಲ. ಆದರೆ ಅವ್ವ, ಆ ಭೀಮಾಂಬಿಕೆ, ನನ್ನ ಮೊರೆ ಕೇಳಿದ್ದು ನಿಜ. ಅದನ್ನು ಹೇಳದೆ ಬಾಯಿ ಮುಚ್ಚಿಕೊಂಡು ಕೂತರೆ ಆಕೆಗೆ ದ್ರೋಹ ಮಾಡಿದಂತಾಗುತ್ತದೆ.

ನನ್ನ ತವರು ನರಗುಂದ, ಕೊಟ್ಟ ಮನೆ ರೋಣದ ಹತ್ತಿರ ಸವಡಿ. ಊರಲ್ಲಿ ನಮ್ಮದು ಕಿರಾಣಿ ಅಂಗಡಿ. 2003ರ ಹೊತ್ತಿಗೆ ನನ್ನ ಮೂಗು ಕಟ್ಟಲು ಶುರುವಾಯಿತು. ನೆಗಡಿ ಎಂದುಕೊಂಡೆ. ನೆಗಡಿಯಾದರೆ ವಾರಕ್ಕೆ ಹೋಗಬೇಕಲ್ಲ, ಇದು ಹೋಗಲಿಲ್ಲ. ಮೊದಲು ಒಂದು ಹೊಳ್ಳೆ, ಆಮೇಲೆ ಎರಡೂ. ಬಾಯಿ ತೆರೆದೇ ಮಲಗಬೇಕು, ಬೆಳಿಗ್ಗೆ ಏಳುವಷ್ಟರಲ್ಲಿ ಗಂಟಲು ಒಣಗಿರುತ್ತಿತ್ತು. ಹಣೆ ಸದಾ ಭಾರ, ಚಳಿಗಾಲದಲ್ಲಿ ಎದೆಯೊಳಗೆ ಸಿಳ್ಳೆ. ಬರಬರುತ್ತ ವಾಸನೆ ಪೂರ್ತಿ ಹೋಯಿತು. ಒಲೆಯ ಮೇಲೆ ಹಾಲು ಸೀದರೂ ಗೊತ್ತಾಗದು, ಅಂಗಡಿಯ ಶೇಂಗಾ ಎಣ್ಣೆ ಕಮಟು ಹಿಡಿದರೂ ಗೊತ್ತಾಗದು. ಊಟಕ್ಕೆ ಕೂತರೆ ಉಪ್ಪು, ಖಾರ, ಹುಳಿ ಅಷ್ಟೇ, ಉಳಿದದ್ದೆಲ್ಲ ಮಣ್ಣು. ಹಳಸಿದ ಸಾರನ್ನು ಬೀಗರಿಗೆ ಬಡಿಸಿದ ದಿನ ನನ್ನ ಮಾನ ಮೂರಾಬಟ್ಟೆಯಾಯಿತು.

ಅತ್ತೆ ಕಾರಣ ಹುಡುಕಿದರು. ಮದುವೆಯಾದ ಹೊಸದರಲ್ಲಿ ಇಟಗಿಗೆ ಹೋದಾಗ ನಾನು ಅವ್ವನಿಗೆ ಏರಿಸುವ ಮಲ್ಲಿಗೆಯನ್ನು ಮೂಸಿ ನೋಡಿದ್ದೆನಂತೆ. "ದೇವರಿಗೆ ಏರಿಸೂ ಹೂವಿನ ವಾಸನಿ ಮೊದಲ ನೀನ ತಗೊಂಡಿ. ಅದಕ್ಕ ಅವ್ವ ನಿನ್ನ ಮೂಗ ಕಟ್ಟ್ಯಾಳ," ಎಂದರು. ಮೂಸಿದ ನೆನಪು ನನಗಿಲ್ಲ. ಆದರೆ ದಿನ ಬೆಳಗಾದರೆ ಅದನ್ನೇ ಕೇಳಿ ಕೇಳಿ ನಾನೂ ನಂಬಿಬಿಟ್ಟೆ. ಅಮಾವಾಸ್ಯೆ ಬಂದರೆ ಬರಿಗಾಲಲ್ಲಿ ಇಟಗಿಗೆ ನಡೆದು, ತಪ್ಪಾಯಿತವ್ವಾ ಎಂದು ಗೋಗರೆದೆ. ಮನೆಯಲ್ಲಿ ತುಂಬೆ ರಸ ಹಿಂಡಿದರು, ಬೆಳ್ಳುಳ್ಳಿ ಎಣ್ಣೆ ಬಿಟ್ಟರು. ಔಷಧದ ಅಂಗಡಿಯಿಂದ ತಂದ ಮೂಗಿನ ಹನಿ ಹಾಕಿಕೊಂಡರೆ ಸ್ವಲ್ಪ ಹೊತ್ತು ಬಿಡುವು, ಆಮೇಲೆ ಮೊದಲಿಗಿಂತ ಬಿಗಿ. ದವಾಖಾನೆಯ ಮಾತೆತ್ತಿದರೆ ಅತ್ತೆ, "ಅವ್ವ ಕೊಟ್ಟ ಶಿಕ್ಷಾಕ್ಕ ಡಾಕ್ಟರ ಏನ ಮಾಡ್ಯಾನು?" ಎನ್ನುತ್ತಿದ್ದರು. ನನ್ನ ಗಂಡ ಇಂಥ ಹೊತ್ತಿನಲ್ಲಿ ಕಿವಿ ಇಲ್ಲದವರಂತೆ ಬೆಲ್ಲ ತೂಗುತ್ತ ಕೂತಿರುತ್ತಿದ್ದರು.

2006ರ ಶ್ರಾವಣ. ಒಂದು ಶುಕ್ರವಾರ ಓಣಿಯ ಹೆಂಗಸರ ಭಜನೆ ನಮ್ಮ ಮನೆಯಲ್ಲೇ ಇತ್ತು. ಬೆಳಗಿನಿಂದ ತಲೆ ಸಿಡಿಯುತ್ತಿತ್ತು. ಅತ್ತೆ ನಮ್ಮ ಅಂಗಡಿಯಿಂದಲೇ ಒಂದು ತಲೆನೋವಿನ ಗುಳಿಗೆ ತಂದು ಚಹಾದ ಜೊತೆ ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಭಜನೆ ಅರ್ಧಕ್ಕೆ ಬಂದಿತ್ತು. ನನ್ನ ಮುಖ ಕಾವೇರಿತು, ಕಣ್ಣು ಕೆಂಪಾದವು, ಮೂಗಿನಿಂದ ನೀರು ಸುರಿಯಿತು. ಎದೆಗೆ ಹಗ್ಗ ಬಿಗಿದಂತಾಯಿತು. ಉಸಿರು ಒಳಗೆ ಹೋಗದು, ಹೋದದ್ದು ಹೊರಗೆ ಬಾರದು. ಎರಡೂ ಕೈ ನೆಲಕ್ಕೂರಿ ಹಿಂದೆ ಮುಂದೆ ತೂಗಾಡತೊಡಗಿದೆ. ತುರುಬು ಬಿಚ್ಚಿ ಕೂದಲು ಮುಖದ ಮೇಲೆ ಬಿತ್ತು.

"ಅವ್ವ ಬಂದ್ಲು! ಶಾಂತವ್ವನ ಮೈಮ್ಯಾಲೆ ಅವ್ವ ಬಂದ್ಲು!" ಎಂದು ಒಬ್ಬಾಕೆ ಕೂಗಿದಳು.

ತಾಳದ ಸದ್ದು ಜೋರಾಯಿತು. ಹಣೆ ತುಂಬ ಕುಂಕುಮ ಮೆತ್ತಿದರು. ಲೋಬಾನದ ಹೊಗೆ ತಂದು ಮುಖಕ್ಕೇ ಹಿಡಿದರು. ಉಸಿರಿಲ್ಲದವಳಿಗೆ ಹೊಗೆ! ನನ್ನ ಕಾಲಿಗೆ ಮೊದಲು ಬಿದ್ದವರು ಅತ್ತೆ. ಎದುರುಮನೆಯ ಗಂಗವ್ವ, ಎಂದೂ ನನ್ನ ಮುಖ ನೋಡಿ ಒಂದು ಒಳ್ಳೆ ಮಾತಾಡದವಳು, ಸೆರಗೊಡ್ಡಿ ಕೂತಳು. "ಯವ್ವಾ, ನನ್ನ ಮಗಳನ್ನ ಗಜೇಂದ್ರಗಡದ ಆ ಮನಿಗೆ ಕೊಡ್ಲೇನವ್ವಾ? ಹೂಂ ಅನ್ನವ್ವಾ." ನಾನು ಗಾಳಿಗಾಗಿ ತಲೆಯನ್ನು ಮೇಲೆ ಕೆಳಗೆ ಎಳೆದಾಡುತ್ತಿದ್ದೆ. "ಹೂಂ ಅಂದ್ಲು! ಹೂಂ ಅಂದ್ಲು!" ಎಂದು ಮನೆ ತುಂಬ ಸಂಭ್ರಮ.

ನನಗೆ ಎಚ್ಚರವಿತ್ತು, ಎಲ್ಲ ಕೇಳಿಸುತ್ತಿತ್ತು. ಇವರು ಆರತಿ ಎತ್ತುತ್ತಲೇ ನನ್ನನ್ನು ಸಾಯಿಸುತ್ತಾರೆ ಎಂದು ಖಾತ್ರಿಯಾಯಿತು. ಅಷ್ಟು ವರ್ಷ ನನ್ನ ಮೂಗು ಬಿಡಿಸು ಎಂದು ಬೇಡಿದವಳು ಆವತ್ತು ಮನಸ್ಸಿನೊಳಗೇ ಬೇಡಿದ್ದು ಇಷ್ಟು: ಅವ್ವಾ, ನೀನು ನನ್ನೊಳಗಿಲ್ಲ ಅಂತ ಇವರಿಗೆ ನೀನೇ ಹೇಳು.

ಅಷ್ಟರಲ್ಲಿ ಬಾಗಿಲಿಗೆ ಹಾಜರಾಬಿ ಬಂದಳು. ರೋಣದ ಬಳೆಗಾರ್ತಿ. ಶ್ರಾವಣದ ಶುಕ್ರವಾರಗಳಲ್ಲಿ ಭಜನೆ ಮುಗಿಯುವ ಹೊತ್ತಿಗೆ ಬಂದು ಹೆಂಗಸರಿಗೆಲ್ಲ ಹಸಿರು ಬಳೆ ಇಡಿಸುತ್ತಿದ್ದಳು. ಆಕೆಗೂ ಬಹಳ ವರ್ಷದಿಂದ ದಮ್ಮು. ನನ್ನ ಎದೆಯ ಸದ್ದು ಕೇಳಿದವಳೇ ಬಳೆಯ ಗಂಟನ್ನು ಕಟ್ಟೆಯ ಮೇಲಿಟ್ಟು ಒಳಗೆ ನುಗ್ಗಿದಳು.

"ಇದು ದಮ್ಮ ಐತ್ರಿ! ಹೊಗಿ ತಗೀರಿ ಮೊದ್ಲ! ಉಗುರ ನೋಡ್ರಿ, ನೀಲಿ ಆಗ್ಯಾವು!"

"ಮುಟ್ಟಬ್ಯಾಡ ಹಾಜರಾಬಿ, ಅವ್ವ ಬಂದಾಳ," ಎಂದರು ಅತ್ತೆ.

"ಅವ್ವ ಬಂದಿದ್ರ ಉಸಿರ ಕೊಡತಿದ್ಲ ಯಕ್ಕಾ, ಕಸಗೊಳ್ತಿದ್ದಿಲ್ಲ. ಲಗೂ ಗಾಡಿ ತರಸ್ರಿ!"

ತನ್ನ ಚೀಲದಿಂದ ದಮ್ಮಿನ ಪಂಪು ತೆಗೆದು ನನ್ನ ಬಾಯಿಗಿಟ್ಟು ಒತ್ತಿದಳು. ಒಂದು ಎಳೆ ಗಾಳಿ ಒಳಗೆ ಹೋಯಿತು. ಗಂಡ ಅಂಗಡಿ ಬಿಟ್ಟು ಓಡಿ ಬಂದರು, ಯಾರದೋ ಟಂಟಂ ಗಾಡಿಯಲ್ಲಿ ನನ್ನನ್ನು ರೋಣಕ್ಕೆ ಒಯ್ದರು. ಹಾಜರಾಬಿ ಬಳೆಯ ಗಂಟನ್ನು ಅಲ್ಲೇ ಮರೆತು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಆಸರೆಯಾಗಿ ಕೂತಿದ್ದಳು.

ದವಾಖಾನೆಯಲ್ಲಿ ಇಂಜೆಕ್ಷನ್ ಕೊಟ್ಟು ಆಕ್ಸಿಜನ್ ಹಚ್ಚಿದರು. ನಾನು ಮಾತಾಡುವಂತಾದ ಮೇಲೆ ಡಾಕ್ಟರು ಏನು ತಿಂದಿದ್ದೆ, ಯಾವ ಗುಳಿಗೆ ನುಂಗಿದ್ದೆ ಎಂದು ಕೇಳಿದರು. ಬ್ಯಾಟರಿ ಹಿಡಿದು ಮೂಗು ನೋಡಿದರು. "ಎರಡೂ ಕಡೆ ದುರ್ಮಾಂಸ ಬೆಳದೈತಿ. ಇಷ್ಟು ವರ್ಷ ಯಾರಿಗೂ ತೋರಿಸಿಲ್ಲೇನ್ರಿ?" ಎಂದು ಕೇಳಿ, ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು.

ನರಗುಂದದ ಮೇಲೆ ಹೋಗುವ ಬಸ್ಸು ಹಿಡಿದು ಹುಬ್ಬಳ್ಳಿ ಮುಟ್ಟಿದೆವು. ಅಲ್ಲಿನ ಮೂಗಿನ ಡಾಕ್ಟರು ಒಬ್ಬ ಹೆಣ್ಣುಮಗಳು. ಸಣ್ಣ ಕೊಳವೆ ಬಿಟ್ಟು ಮೂಗಿನ ಒಳಗನ್ನೆಲ್ಲ ನೋಡಿದರು.

"ಸಿಪ್ಪಿ ಸುಲಿದ ದ್ರಾಕ್ಷಿ ಹೆಂಗ ಇರತಾವ, ಹಂಗ ಅದಾವ್ರಿ ಇವು," ಎಂದರು. "ಮೂಗಿನ ಒಳಗಿನ ಪದರ ಬಾತು ಬಾತು ಹಿಂಗ ಜೋತು ಬೀಳತೈತಿ. ಕ್ಯಾನ್ಸರ್ ಅಲ್ಲ, ಹೆದರಬ್ಯಾಡ್ರಿ. ಕೆಲವ್ರಿಗೆ ಇದು, ದಮ್ಮು, ನೀವು ಆವತ್ತ ನುಂಗಿದಂಥ ನೋವಿನ ಗುಳಿಗಿ ಆಗದಿರೂದು, ಮೂರೂ ಕೂಡೇ ಇರತಾವ. ಆವತ್ತ ನಿಮ್ಮ ಉಸಿರ ಕಟ್ಟಿದ್ದು ಅದರಿಂದನ. ಇನ್ನ ಆ ಗುಳಿಗಿ ಮುಟ್ಟಬ್ಯಾಡ್ರಿ. ಯಾವ ಡಾಕ್ಟರ ಹಂತ್ಯಾಕ ಹೋದ್ರೂ ಮೊದಲ ಇದನ್ನ ಹೇಳ್ರಿ."

ನಾನು ಧೈರ್ಯ ಮಾಡಿ ಕೇಳಿದೆ: "ದೇವರ ಹೂವು ಮೂಸಿದ್ರ ಬರತಾವೇನ್ರಿ ಇವು?"

ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಯಾರ್ರೀ ಹಂಗಂದವ್ರು? ಹೂ ಮೂಸಿದ್ದಕ್ಕ ಯಾರಿಗೂ ಬರೂದಿಲ್ರಿ."

ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ ನಾನು, ಅಲ್ಲೇ, ಗಂಡನ ಎದುರಿಗೇ. ರೋಗಕ್ಕಲ್ಲ. ಆ ಬರಿಗಾಲಿನ ದಾರಿಗಳಿಗೆ, ಮಾಡದ ತಪ್ಪನ್ನು ಒಪ್ಪಿಕೊಂಡ ಅಷ್ಟು ಅಮಾವಾಸ್ಯೆಗಳಿಗೆ.

ಮೊದಲು ಕೆಲವು ದಿನ ಗುಳಿಗೆ ಕೊಟ್ಟು ಊತ ಇಳಿಸಿದರು, ಸ್ಕ್ಯಾನ್ ಮಾಡಿಸಿದರು, ದಮ್ಮು ಹತೋಟಿಗೆ ಬಂದ ಮೇಲೆ ಆಪರೇಷನ್. ಹೊರಗೆ ಎಲ್ಲೂ ಕೊಯ್ಯಲಿಲ್ಲ, ಹೊಳ್ಳೆಯೊಳಗಿಂದಲೇ ತೆಗೆದರು. ಉಪ್ಪುನೀರಿನಿಂದ ಮೂಗು ತೊಳೆಯುವುದು, ದಿನಾ ಸ್ಪ್ರೇ ಹೊಡೆಯುವುದು ಕಲಿಸಿದರು. ಬಿಟ್ಟರೆ ಮತ್ತೆ ಬೆಳೆಯಬಹುದು, ಬಿಡದಿದ್ದರೂ ಕೆಲವರಿಗೆ ಬೆಳೆಯುತ್ತವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ವಾಸನೆ ಅರ್ಧ ಬಂದಿದೆ. ಉಸಿರು ಮಾತ್ರ ಪೂರ್ತಿ ಬಂದಿದೆ, ಬಾಯಿ ಮುಚ್ಚಿ ಮಲಗುತ್ತೇನೆ.

ಇಷ್ಟಾದ ಮೇಲೆ ಊರವರಿಗೆ ಬುದ್ಧಿ ಬಂತು ಎಂದು ಬರೆಯಲು ನನಗೂ ಆಸೆ. ಬರಲಿಲ್ಲ. ಗುಳಿಗೆಯ ಮಾತು ಬಂದರೆ ಅತ್ತೆ ಎದ್ದು ಒಳಗೆ ಹೋಗುತ್ತಾರೆ. ಓಣಿಯಲ್ಲಿ ಮಾತ್ರ, "ಅವ್ವ ಬರತಿದ್ಲು ನಮ್ಮ ಸೊಸಿ ಮೈಮ್ಯಾಲೆ, ಡಾಕ್ಟರು ಕೊಯ್ದು ತಗದಬಿಟ್ರು," ಎನ್ನುತ್ತಾರೆ. ಗಂಗವ್ವ ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಳು. ಆ ಹುಡುಗಿ ವರ್ಷ ತುಂಬುವುದರೊಳಗೆ ಬಟ್ಟೆಯ ಗಂಟು ಹಿಡಿದು ತಿರುಗಿ ಬಂದಳು. "ಹೂಂ ಅಂದಾಕಿ ನೀನ ಅಲ್ಲೇನು?" ಎಂದು ಗಂಗವ್ವ ಇವತ್ತಿಗೂ ನನ್ನನ್ನು ಬೈಯುತ್ತಾಳೆ. ಹಾಜರಾಬಿ ಮುಟ್ಟಿದ್ದಕ್ಕೇ ಅವ್ವ ಇಳಿದು ಹೋದಳೆಂದು ಓಣಿಯವರು ಆಕೆಯ ಹತ್ತಿರ ಬಳೆ ಇಡಿಸಿಕೊಳ್ಳುವುದನ್ನು ಬಿಟ್ಟರು. ನಾನು ರೋಣಕ್ಕೆ ಹೋಗಿ ಆಕೆಯ ಮನೆಯಲ್ಲೇ ಇಡಿಸಿಕೊಂಡು ಬರುತ್ತೇನೆ.

ನಾನು ಅವ್ವನನ್ನು ಬಿಟ್ಟಿಲ್ಲ, ಮೊದಲಿಗಿಂತ ಗಟ್ಟಿಯಾಗಿ ಹಿಡಿದಿದ್ದೇನೆ. ನಾನು ಬೇಡಿದ್ದನ್ನು ಆಕೆ ಬೇಡಿದ ಗಳಿಗೆಯಲ್ಲೇ ಕೊಟ್ಟಳು. ನನ್ನೊಳಗೆ ತಾನಿಲ್ಲವೆಂದು ಹಾಜರಾಬಿಯ ಬಾಯಿಂದ ಹೇಳಿಸಿದಳು. ತಾಯೀ, ನಿನ್ನ ಋಣ ದೊಡ್ಡದು. ಶುಕ್ರವಾರದ ಭಜನೆಗೆ ಈಗಲೂ ಹೋಗುತ್ತೇನೆ. ಅಲ್ಲಿ ಯಾವಳಾದರೂ ಮೈ ತೂಗಿ, ಅವ್ವ ಬಂದಳೆಂದು ಎಲ್ಲರೂ ಎದ್ದು ನಿಂತರೆ ನಾನು ಹತ್ತಿರ ಹೋಗಿ, ಅವಳಿಗೆ ಉಸಿರಾಡಲು ಆಗುತ್ತಿದೆಯೇ ಎಂದು ಮೊದಲು ನೋಡುತ್ತೇನೆ. ಕೈ ಮುಗಿಯುವುದು ಆಮೇಲೆ.