ಅವ್ವ ತಗ್ಗಿಗಿಳಿದ ದಿನ

ಯಾಕೆ ಬರೆಯಲು ಶುರುಮಾಡಿದಿರಿ ಎಂದು ಕೇಳುವವರು ಸರಸ್ವತಿಯ ಕೃಪೆ, ಬಾಲ್ಯದ ಕನಸು ಎಂದೇನೋ ನಿರೀಕ್ಷಿಸುತ್ತಾರೆ. ನಾನು ಬರೆದದ್ದು ಸಿಟ್ಟಿಗೆ.

ದೇವದುರ್ಗದ ನಮ್ಮ ಓಣಿಯಲ್ಲಿ ಎಲ್ಲರೂ ಕೂಲಿಯವರು. ನಾನು ಹೈಸ್ಕೂಲಿನಲ್ಲಿದ್ದಾಗ ಊರಿಗೆಲ್ಲ ನಳದ ಪೈಪು ಹಾಕುತ್ತಿದ್ದರು. ತೋಡಿದ ತಗ್ಗು ನಮ್ಮ ಓಣಿಯ ಬಾಯಿಗೆ ಬಂದು ನಿಂತಿತು. ಮುಂದೆ ಪೈಪಿಲ್ಲ ಎಂದ ಗುತ್ತಿಗೆದಾರ, ಮಣ್ಣು ಮುಚ್ಚಲು ಆಳುಗಳಿಗೆ ಹೇಳಿದ. ಹತ್ತಿ ಬಿಡಿಸಲು ಹೊರಟಿದ್ದ ಅವ್ವ ಬುತ್ತಿಗಂಟನ್ನು ನನ್ನ ಕೈಗಿಟ್ಟು, ಸೆರಗು ಬಿಗಿದು, ತಗ್ಗಿಗಿಳಿದು ಕುಳಿತುಬಿಟ್ಟಳು.

“ಈಗ ಹಾಕ್ರಿ ಮಣ್ಣು!”

ಓಣಿಯ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಇಳಿದರು. ಊರ ಹಿರಿಯರು ಬಂದು ಗದರಿಸಿದರು, ಆಮೇಲೆ ರಮಿಸಿದರು. ಬಿಸಿಲು ನೆತ್ತಿಗೇರಿದರೂ ಯಾರೂ ಏಳಲಿಲ್ಲ. ಮರುದಿನವೂ ಅಲ್ಲೇ. ಕೊನೆಗೆ ಪೈಪು ಬಂತು.

ವರ್ಷಗಳ ನಂತರ, ನಾನು ಯರಗೇರಾದಲ್ಲಿ ಎಂ.ಎ. ಓದುತ್ತಿದ್ದಾಗ, ಊರಿನವರು ಒಂದು ಸ್ಮರಣಸಂಚಿಕೆ ತಂದರು. ರಜೆಗೆ ಬಂದವಳು ಅವ್ವನಿಗೆ ಓದಿ ಹೇಳಿದೆ: ಹಿರಿಯರ ಔದಾರ್ಯದಿಂದ ಬಡವರ ಓಣಿಗೂ ನೀರು ಹರಿಯಿತಂತೆ.

“ಔದಾರ್ಯ ಅಂದ್ರೇನು?”

“ದೊಡ್ಡ ಮನಸ್ಸು ಬೇ.”

“ಯಾರದು? ನಾ ತಗ್ಗಿನ್ಯಾಗ ಕುಂತಾಗ ಅವ್ರು ಗದರಸಾಕತ್ತಿದ್ರು! ಅಳಸಾಕ ಬರ್ತದೇನು ಅದನ್ನ?”

“ಅಚ್ಚಾಗ್ಯದ, ಬರಂಗಿಲ್ಲ.”

“ಹಂಗಾರ ನೀ ಬರಿ.”

ಬರೆದೆ. ರಾಯಚೂರಿನಲ್ಲಿ ಒಬ್ಬ ಸಂಪಾದಕರಿಗೆ ಒಯ್ದು ಕೊಟ್ಟೆ. ಎರಡು ಪುಟ ತಿರುವಿ ನಕ್ಕರು. “ಹಳೇದೆಲ್ಲಾ ಯಾಕ ಕೆದಕ್ತೀರಿ? ತಾಯಿ ಮಮತಾ ಮ್ಯಾಲ ಒಂದು ಕವಿತಾ ಬರಕೊಂಡು ಬರ್ರಿ, ಹಾಕೋಣು.”

“ನಮ್ಮವ್ವ ಮಮತಾನೂ ಮಾಡ್ಯಾಳ್ರೀ, ತಗ್ಗಿನ್ಯಾಗೂ ಕುಂತಾಳ. ಒಂದು ಬಿಟ್ಟು ಒಂದು ಬರಿಯಾಕ ನನಗ ಬರಂಗಿಲ್ಲ,” ಎಂದು ಹಾಳೆಗಳನ್ನು ವಾಪಸು ಇಸಿದುಕೊಂಡೆ.

ಆಮೇಲೆ ಮಾನ್ವಿಯಲ್ಲಿ ಒಂದು ಕಥಾವಾಚನಕ್ಕೆ ಕರೆ ಬಂತು. ಅವ್ವನನ್ನೂ ಕರೆದುಕೊಂಡು ಹೋದೆ. ಅದನ್ನೇ ಅರ್ಧ ಓದಿದ್ದೆ, ಅಷ್ಟರಲ್ಲಿ ನಮ್ಮೂರಿನ ಹಿರಿಯರೊಬ್ಬರು ಎದ್ದು ನಿಂತರು. “ಊರ ಮರ್ಯಾದಿ ಕಳಿಬ್ಯಾಡ ತಂಗಿ. ಸಾಕು ಮಾಡು.”

 ಹಿರಿಯರು ಗದರಿಸಿದರು ಎಂಬ ಅದೇ ಸಾಲನ್ನು ದನಿ ಏರಿಸಿ ಇನ್ನೊಮ್ಮೆ ಓದಿದೆ. ಅವರು ಹೊರಗೆ ನಡೆದರು, ಬೆನ್ನಿಗೆ ಇನ್ನೂ ಕೆಲವರು ಎದ್ದರು. ಕುರ್ಚಿಗಳ ಸದ್ದು ಮುಗಿಯಲೆಂದು ನಾನು ಕಾಯಲಿಲ್ಲ. ಕೂತವರಿಗೆ ಕೊನೆಯ ಸಾಲಿನತನಕ ಓದಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವ್ವ ಮುಖ ಗಂಟಿಕ್ಕಿ ಕುಳಿತಿದ್ದಳು. ಹಿಡಿಸಲಿಲ್ಲವೇನೋ ಎಂದು ನನಗೆ ಅಳುಕು.

“ಎಲ್ಲಾ ಖರೇನ ಬರದಿ,” ಎಂದಳು. “ಆದ್ರ ನಾ ಆ ಗುತ್ತಿಗೆದಾರಗ ಬೈದಿದ್ದು ಬಿಟ್ಟಿ. ನೆಪ್ಪಿಲ್ಲೇನು?”

“ನೆಪ್ಪದ ಬೇ. ಓದಿದ ಮಂದಿ ಕುಂತಿರ್ತಾರ ಅಂತ ಬಿಟ್ಟೆ.”

“ಯಾರರ ಕುಂತಿರ್ಲಿ. ಹಾಕು.”

ಪುಸ್ತಕವಾದಾಗ ಹಾಕಿದೆ, ಒಂದು ಬೈಗುಳವನ್ನೂ ಬಿಡದೆ.