ಬೇವಿನ ಮರಕ್ಕೆ ಬರೆದ ನಂಬರು

ಸರಸ್ವತಿ ನಗರದ ನಮ್ಮ ಮನೆಯ ಮುಂದಿನ ಬೇವಿನ ಮರಕ್ಕೆ ಒಂದು ಬೆಳಿಗ್ಗೆ ಪಾಲಿಕೆಯ ಇಬ್ಬರು ಬಂದು ಹಳದಿ ಬಣ್ಣದಲ್ಲಿ ನಂಬರು ಬರೆದರು. ಯಾಕೆಂದು ಕೇಳಿದೆ. "ಮರದ ಗಣತಿ ರೀ, ಹೊಸ ಪಾಲಿಸಿ" ಎಂದು ಡಬ್ಬಿ ಎತ್ತಿಕೊಂಡು ಮುಂದಿನ ಮರಕ್ಕೆ ಹೋದರು.

ಆ ನೆರಳಲ್ಲೇ ಪಕ್ಕದ ಮನೆಯ ಚಾಚಾ ಹೊಲಿಗೆ ಮಷೀನು ಇಟ್ಟುಕೊಂಡಿದ್ದರು. ಕನ್ನಡಕ ಹಣೆಗೇರಿಸಿ ನಂಬರನ್ನೇ ನೋಡುತ್ತ ಕೂತರು. "ಎಣಿಸೋರು ಸುಮ್‌ಸುಮ್ನೆ ಎಣಿಸಲ್ಲಮ್ಮ" ಎಂದರು.

ಹರಿಹರದಲ್ಲಿರುವ ತಂಗಿಗೆ ಫೋನ್ ಮಾಡಿದೆ. "ನಮ್ಮ ಬೀದೀಲೂ ಹಿಂಗೇ ಬರ್ದು ಹೋಗಿದ್ರಕ್ಕ. ಈಗ ಮರ ಇದ್ದಲ್ಲಿ ಚರಂಡಿ ಐತೆ" ಎಂದಳು. ಆಮೇಲೆ ನನಗೆ ಸಮಾಧಾನವಿಲ್ಲ. ಬೀದಿಯಲ್ಲಿ ಯಾರಾದರೂ ಟೇಪು ಹಿಡಿದು ನಿಂತರೆ ಸಾಕು, ಒಲೆ ಆರಿಸಿ ಹೊರಗೆ ಬರುತ್ತಿದ್ದೆ.

ವಾರ್ಡ್ ಸಭೆ ಕರೆದಾಗ ನಾನೂ ಚಾಚಾನೂ ಹೋದೆವು. ಅಧಿಕಾರಿಯೊಬ್ಬರು ನಗರದ ಹಸಿರು ನೀತಿಯನ್ನು ಓದಿದರು. 'ವೃಕ್ಷ ಸಂಪತ್ತಿನ ಸಮಗ್ರ ನಿರ್ವಹಣೆ' ಎಂಬ ಮಾತು ಮತ್ತೆ ಮತ್ತೆ ಬಂತು. ಚಾಚಾ ಎದ್ದು ನಿಂತರು.

"ಸಾಹೇಬ್ರೆ, ನಿರ್ವಹಣೆ ಅಂದ್ರೆ ಕಡಿಯೋದಾ, ಉಳಿಸೋದಾ?"

"ಎರಡೂ ಬರ್ತಾವ್ರಿ ಅದ್ರಾಗೆ."

ಜನ ನಕ್ಕರು. ನನಗೆ ನಗು ಬರಲಿಲ್ಲ. "ಕಡಿಯೋಕೆ ಮುಂಚೆ ನಮ್ಮನ್ನ ಕೇಳ್ತೀರಾ?" ಎಂದೆ. ಮೊದಲು ಮರಕ್ಕೆ ನೋಟಿಸ್ ಅಂಟಿಸುತ್ತೇವೆ, ಆಕ್ಷೇಪಣೆಗೆ ಅವಕಾಶವಿದೆ, ಅದೂ ನೀತಿಯಲ್ಲೇ ಇದೆ ಎಂದು ಅವರು ಹೇಳಿದರು. ಎಷ್ಟು ನಯವಾಗಿ ಹೇಳಿದರೆಂದರೆ ನನ್ನ ಅನುಮಾನ ಇನ್ನೂ ಹೆಚ್ಚಾಯಿತು.

ಮಳೆಗಾಲಕ್ಕೆ ಮೊದಲು ನೋಟಿಸ್ ಬಂದೇ ಬಂತು. ವಿದ್ಯುತ್ ತಂತಿಗೆ ತಾಗುತ್ತಿರುವುದರಿಂದ ಮರ ತೆರವು ಮಾಡಲಾಗುವುದು ಎಂದಿತ್ತು. ಚಾಚಾ ಮಷೀನಿಗೆ ಬಟ್ಟೆ ಹೊದಿಸಿದರು. ಇಬ್ಬರೂ ಪಾಲಿಕೆ ಕಚೇರಿಗೆ ಹೋಗಿ ಆಕ್ಷೇಪಣೆ ಕೊಟ್ಟೆವು. ಅಲ್ಲಿ ತೆಗೆದುಕೊಂಡವನು ಮುಖ ಎತ್ತಿಯೂ ನೋಡಲಿಲ್ಲ. ಮರದ ಕತೆ ಮುಗಿಯಿತು ಅಂದುಕೊಂಡೆ.

ಕಡಿಯುವ ದಿನ ಆಳುಗಳ ಜೊತೆ ಸಭೆಯ ಅಧಿಕಾರಿಯೇ ನಮ್ಮ ಆಕ್ಷೇಪಣೆಯ ಕಾಗದ ಹಿಡಿದು ಬಂದರು. ಮರದ ಸುತ್ತ ನಡೆದು, ತಲೆ ಎತ್ತಿ ತಂತಿ ನೋಡಿ, "ಕೊಂಬೆ ತೆಗೆದ್ರೆ ಸಾಕು, ಬುಡ ಮುಟ್ಟೋದು ಬ್ಯಾಡ" ಎಂದು ಆಳುಗಳಿಗೆ ಹೇಳಿದರು. ಕೊನೆಯ ಕೊಂಬೆ ಬೀಳುವವರೆಗೂ ನಾನು ಗೇಟು ಹಿಡಿದು ನಿಂತಿದ್ದೆ.

"ಒಳಗೆ ಹೋಗ್ರಿ ಅಮ್ಮ, ಇನ್ನೇನೂ ಮಾಡಲ್ಲ" ಎಂದರು ಅಧಿಕಾರಿ. ಹೋಗಲಿಲ್ಲ.

ಮರ ಉಳಿಯಿತು, ನೆರಳು ಹೋಯಿತು. ಚಿಗುರು ತುಂಬುವವರೆಗೆ ಚಾಚಾ ನಮ್ಮ ಜಗುಲಿಯಲ್ಲೇ ಹೊಲಿದರು. ಕಳೆದ ವಾರ ಮತ್ತೊಂದು ಸಭೆ ಇತ್ತು, ಈ ಸಲ ಫುಟ್‌ಪಾತ್ ನೀತಿಯ ಬಗ್ಗೆ. "ಹೋಗೋಣೇನಮ್ಮ?" ಎಂದು ಚಾಚಾ ಕೇಳುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿಕೊಂಡಿದ್ದೆ.