ಜಗಳೂರಿನಲ್ಲಿ ಒಣಗಿದ ದೋಣಿ

ಹೋದ ಫೆಬ್ರವರಿಯ ಒಂದು ಮಧ್ಯಾಹ್ನ ಬಿಳಿಚೋಡಿನ ಚಹಾದಂಗಡಿ ಮುಂದೆ ನಮ್ಮ ಲಾರಿ ನಿಂತಿತು. ಲಾರಿಯ ಮೇಲೆ ಒಂದು ದೋಣಿ. ದೋಣಿಯೊಳಗೆ ನಮ್ಮ ಮನೆಯವರು ತಲೆಗೆ ಟವೆಲ್ ಸುತ್ತಿಕೊಂಡು, ಹಗ್ಗ ಹಿಡಿದು ಕೂತಿದ್ದರು. ಡ್ರೈವರ್ ಪಕ್ಕದಲ್ಲಿ ನಾನು, ಯಾರಿಗೂ ಮುಖ ಕಾಣದಂತೆ ಸೆರಗು ಎಳೆದುಕೊಂಡು.

ಅಂಗಡಿಯವನು ಗ್ಲಾಸು ತೊಳೆಯುವುದನ್ನು ಬಿಟ್ಟು ಹೊರಗೆ ಬಂದ.

"ಎಲ್ಲಿಗ್ರೀ ಇದು?"

"ಜಗಳೂರಿಗೆ," ಅಂದರು ಮೇಲಿನಿಂದ ನಮ್ಮವರು.

"ಜಗಳೂರಿಗೆ ದೋಣಿನಾ? ಕೆರೆ ಕೋಡಿ ಬಿತ್ತೇನ್ರೀ? ನಮಗೆ ಗೊತ್ತೇ ಆಗ್ಲಿಲ್ಲ."

"ಇಲ್ರೀ. ದೋಣಿ ಒಣಗಿಸಾಕೆ ಒಯ್ತಿದೀವಿ."

ಆತ ದೋಣಿಯನ್ನೊಮ್ಮೆ ನೋಡಿದ, ಆಕಾಶವನ್ನೊಮ್ಮೆ ನೋಡಿದ. "ಹಂಗಾದ್ರೆ ಸರಿಯಾದ ಊರಿಗೇ ಹೊಂಟೀರಿ ಬಿಡ್ರಿ," ಅಂದ. ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನಾನೂ ಸೆರಗಿನೊಳಗೇ ನಕ್ಕೆ. ಯಾಕೆಂದರೆ ಆ ಐಡಿಯಾ ನನ್ನದೇ.

ಸರಿಯಾಗಿ ಹೇಳಬೇಕೆಂದರೆ ಅದು ಐಡಿಯಾ ಅಲ್ಲ, ಚುಚ್ಚುಮಾತು. ಹೆಣ್ಣುಮಕ್ಕಳಿಗೆ ನನ್ನದೊಂದು ಎಚ್ಚರಿಕೆ ಇದೆ. ಗಂಡನಿಗೆ ಚುಚ್ಚಿ ಮಾತಾಡುವಾಗ ನೋಡಿಕೊಂಡು ಮಾತಾಡಿ. ಕೆಲವರು ಅದನ್ನು ಸಲಹೆ ಅಂತ ತಿಳಿದುಕೊಳ್ಳುತ್ತಾರೆ.

ನಮ್ಮ ಮನೆಯವರು ಹೊನ್ನಾಳಿಯ ಶಾಲೆಯೊಂದರಲ್ಲಿ ಡ್ರಿಲ್ ಮೇಷ್ಟ್ರು. ಅವರಿಗೆ ಒಬ್ಬಳೇ ಅಕ್ಕ, ಗಿರಿಜಕ್ಕ. ಚಿಕ್ಕಂದಿನಲ್ಲಿ ತಾಯಿ ಹೋದ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಮನೆ ಹೊಳೆಯ ದಂಡೆಯಲ್ಲೇ ಇದೆ, ಹಿತ್ತಲ ಮೆಟ್ಟಿಲಿಳಿದರೆ ತುಂಗಭದ್ರೆ. ಗಿರಿಜಕ್ಕ ಆ ಮೆಟ್ಟಿಲ ಮೇಲೇ ಆಡಿ, ಬಟ್ಟೆ ಒಗೆದು, ಈಜಿ ದೊಡ್ಡವರಾದವರು. ಅಂಥವರನ್ನು ಒಯ್ದು ಜಗಳೂರಿಗೆ ಮದುವೆ ಮಾಡಿಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಅವರು ನೀರನ್ನು ಕೊಡಗಳ ಲೆಕ್ಕದಲ್ಲಷ್ಟೇ ಕಂಡಿದ್ದು.

ಎರಡು ವರ್ಷದ ಹಿಂದೆ ಯುಗಾದಿಗೆ ಬಂದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು ತಮ್ಮನಿಗೆ ಹೇಳಿದರು. "ಒಂದ್ಸಲ ಹೊಳೆ ನಡುವೆ ಕೂತು ನಮ್ಮನೆ ಮೆಟ್ಟಿಲು ನೋಡ್ಬೇಕು ಕಣೋ. ಅವ್ವ ಇಲ್ಲಿ ನಿಂತ್ಕಂಡು ಕರೀತಿದ್ಲು, ನಾನು ಅಲ್ಲಿ ನೀರಾಗಿಂದ ಬರಲ್ಲ ಅಂತಿದ್ದೆ."

ಇದೇನು ದೊಡ್ಡ ಆಸೆಯೇ? ಮೀನು ಹಿಡಿಯುವವರ ಹರಿಗೋಲು ಇತ್ತು, ಅದರಲ್ಲಿ ಕೂರಿಸಿದೆವು. ಕೂರಿಸಿದೆವು ಅನ್ನುವುದು ಸುಳ್ಳು. ಹರಿಗೋಲಿನಲ್ಲಿ ಕಾಲು ಮಡಚಿ ತಳದಲ್ಲೇ ಕೂರಬೇಕು. ಗಿರಿಜಕ್ಕನ ಮಂಡಿ ಮಡಚುವುದಿಲ್ಲ. ಅರ್ಧ ಬಗ್ಗಿದವರು "ಅಯ್ಯೋ ಶಿವನೇ, ಬಿಡ್ರಪ್ಪ" ಅಂತ ವಾಪಸ್ ಎದ್ದುಬಿಟ್ಟರು.

ತಮ್ಮನ ತಲೆಯಲ್ಲಿ ಅವತ್ತೇ ಹುಳ ಹೊಕ್ಕಿತು. ಅಕ್ಕನಿಗೆ ಕುರ್ಚಿಯ ಹಾಗೆ ಕೂರುವ ಹಲಗೆ ಇರುವ ದೋಣಿ ಬೇಕು.

ಸೂಳೆಕೆರೆಯಲ್ಲಿ ಮೀನಿನ ಗುತ್ತಿಗೆ ಹಿಡಿದಿದ್ದ ಬಸವಾಪಟ್ಟಣದವರೊಬ್ಬರು ಹಳೆಯ ಫೈಬರ್‌ಗ್ಲಾಸ್ ದೋಣಿ ಮಾರುತ್ತಾರೆ ಅಂತ ಸುದ್ದಿ ಬಂತು. ಇವರು ಹೋದರು, ತಂದರು. (ಎಷ್ಟಕ್ಕೆ ಅಂತ ಕೇಳಬೇಡಿ. ಮನೆಯಲ್ಲಿ ಆ ವಿಷಯ ಎತ್ತುವಂತಿಲ್ಲ.) ನೋಡಲು ಏನು ಚೆಂದ ಅಂತೀರಿ! ನೀಲಿ ಬಣ್ಣ, ನುಣ್ಣಗೆ ಮೈ, ಅಡ್ಡಕ್ಕೆ ಎರಡು ಹಲಗೆ. ಓಣಿಯ ಜನವೆಲ್ಲ ಬಂದು ಸವರಿ ನೋಡಿ ಹೋದರು.

ಇವರು ಹತ್ತಿ ಹಲಗೆಯ ಮೇಲೆ ಕೂತರು. ಹಲಗೆ ಮೆಲ್ಲಗೆ ಕೆಳಗಿಳಿಯಿತು.

ಫೈಬರ್‌ಗ್ಲಾಸ್ ದೋಣಿ ಅಂದರೆ ಪೂರ್ತಿ ಫೈಬರ್‌ಗ್ಲಾಸ್ ಅಂತ ನಾನು ತಿಳಿದಿದ್ದೆ. ಅಲ್ಲವಂತೆ. ಅದು ಹೋಳಿಗೆ ಇದ್ದ ಹಾಗೆ. ಮೇಲೊಂದು ಕಣಕ, ಕೆಳಗೊಂದು ಕಣಕ, ನಡುವೆ ಹೂರಣದ ಬದಲು ಮರ. ಹಿಂಬದಿಯನ್ನು ಗೋಡೆಯಂತೆ ಮುಚ್ಚುವ ಹಲಗೆಯಲ್ಲಿ ಮರ, ತಳದುದ್ದಕ್ಕೆ ಹಾಸಿದ ತೊಲೆಗಳಲ್ಲಿ ಮರ. ಕೂರುವ ಹಲಗೆಗಳ ಭಾರ ಹೊರುವುದೂ ಆ ತೊಲೆಗಳೇ. ನಮ್ಮವರು ಹಿಂಬದಿಯ ಹಲಗೆಗೆ ಸ್ಕ್ರೂಡ್ರೈವರ್ ಒತ್ತಿದರೆ ಅದು ಹಿಡಿಯವರೆಗೂ ಒಳಗೆ ಹೋಯಿತು. ಒಳಪದರ ಕೊಯ್ದು ತೆಗೆದರೆ, ಮರ ಎಲ್ಲಿದೆ? ಸೋಸಿ ಚೆಲ್ಲಿದ ಚಹಾಪುಡಿಯಂಥ ಕಪ್ಪು ರಾಡಿ. ಅದನ್ನು ತೋಡಿ ತೆಗೆದದ್ದು ನನ್ನ ಸಾರಿನ ಸೌಟಿನಲ್ಲಿ. ಆ ಸೌಟು ಮತ್ತೆ ಒಳಗೆ ಬರಲಿಲ್ಲ.

ರಾಡಿಯ ಜೊತೆ, ಬಣ್ಣದಡಿ ಅಡಗಿದ್ದ ಮೊಳೆಗಳೂ ಬಂದವು. ಒಂದಲ್ಲ, ಎರಡಲ್ಲ, ಸಾಲಾಗಿ. ತುಕ್ಕು ಹಿಡಿದ ಒಂದೊಂದು ಮೊಳೆಯ ತಲೆಯಲ್ಲೂ ದಾರದ ಚೂರು. ಒಂದರಲ್ಲಿ ಒಣಗಿದ ಚೆಂಡುಹೂವಿನ ತೊಟ್ಟು ಕೂಡ ಇತ್ತು.

ನಿಮಗೂ ಅರ್ಥವಾಯಿತಲ್ಲ? ಆಯುಧಪೂಜೆ!

ಪ್ರತಿ ವರ್ಷ ಯಾರೋ ಪುಣ್ಯಾತ್ಮರು ದೋಣಿಗೆ ಹಾರ ಹಾಕಿದ್ದಾರೆ. ನುಣುಪಾದ ದೋಣಿಯಲ್ಲಿ ಹಾರ ನಿಲ್ಲಬೇಕಲ್ಲ, ಮೊಳೆ ಹೊಡೆದಿದ್ದಾರೆ. ಹೋದ ವರ್ಷದ ಮೊಳೆ ತುಕ್ಕು ಹಿಡಿದಿತ್ತು, ದೇವರ ಕೆಲಸಕ್ಕೆ ತುಕ್ಕಿನ ಮೊಳೆ ಬೇಡ ಅಂತ ಪಕ್ಕದಲ್ಲಿ ಹೊಸದು. ಮೊಳೆಯ ತೂತಿನಿಂದ ನೀರು ಒಳಗೆ ಹೋಗಿದೆ, ಹೊರಗೆ ಬರಲು ದಾರಿಯಿಲ್ಲ. ಮರ ಒಳಗೊಳಗೇ ಕೊಳೆತಿದೆ, ಮೇಲೆ ಮಾತ್ರ ನೀಲಿ ಬಣ್ಣ ಫಳಫಳ. ನಾವು ಯಾವುದಕ್ಕೆ ಮೊಳೆ ಹೊಡೆಯದೆ ಬಿಟ್ಟಿದ್ದೇವೆ ಹೇಳಿ? ಬಾಗಿಲಿಗೆ ತೋರಣ, ಗೋಡೆಗೆ ಕ್ಯಾಲೆಂಡರ್, ಬಸ್ಸಿನ ಮೂತಿಗೆ ನಿಂಬೆಹಣ್ಣು, ಬೇವಿನ ಮರಕ್ಕೆ ಹರಕೆ. ಪ್ರೀತಿ ಉಕ್ಕಿದರೆ ಸಾಕು, ಸುತ್ತಿಗೆ ಹುಡುಕುತ್ತೇವೆ.

ನಮ್ಮವರಂತೂ ಆ ಮೊಳೆಗಳನ್ನು ಒಂದು ಡಬ್ಬಿಯಲ್ಲಿ ಹಾಕಿಕೊಂಡು, ಸಿಕ್ಕಸಿಕ್ಕವರಿಗೆಲ್ಲ ತೋರಿಸಿ ಭಾಷಣ ಮಾಡಿದರು. "ಮೂಢಭಕ್ತಿ ಅಂದ್ರೆ ಇದೇ ನೋಡ್ರಿ" ಅಂತ. ಈ ಭಾಷಣ ದಯವಿಟ್ಟು ನೆನಪಿಟ್ಟುಕೊಳ್ಳಿ.

ಈಗ ಹೊಸ ಮರ ಕೂರಿಸಬೇಕು. ಆದರೆ ಒಳಗಿನ ತೇವ ಪೂರ್ತಿ ಆರದೆ ಅಂಟು ಹಿಡಿಯುವುದಿಲ್ಲ, ಹಿಡಿದರೂ ಹೊಸ ಮರ ಮತ್ತೆ ಕೊಳೆಯುತ್ತದೆ. ನಮ್ಮ ಅಂಗಳದಲ್ಲಿ ಬೆಳಗಾದರೆ ಹೊಳೆಯ ಮಂಜು, ಮಧ್ಯಾಹ್ನವಾದರೆ ಹೊಂಗೆಮರದ ನೆರಳು. ತಿಂಗಳಾದರೂ ದೋಣಿಯೊಳಗೆ ಕೈಯಿಟ್ಟರೆ ತಣ್ಣಗೆ. ಅದೇ ಅಂಗಳದಲ್ಲಿ ನನ್ನ ಅಕ್ಕಿ ಸಂಡಿಗೆಯೂ ಒಣಗದೆ ಮೆತ್ತಗೆ ಕೂತಿತ್ತು. (ನನ್ನ ತವರು ನ್ಯಾಮತಿಯಲ್ಲಿ ಹೀಗಿರಲಿಲ್ಲ. ಅದನ್ನು ಹೇಳಿದರೆ ಜಗಳವಾಗುತ್ತದೆ.) ಗಿರಿಜಕ್ಕನ ಮನೆಯಲ್ಲಾದರೆ ಬೆಳಿಗ್ಗೆ ಇಟ್ಟ ಸಂಡಿಗೆ ಸಂಜೆಗೆ ಗಲಗಲ ಅನ್ನುತ್ತದೆ.

ಒಂದು ದಿನ ನನಗೆ ರೇಗಿತು. "ರೀ, ನಿಮ್ಮ ದೋಣೀನ ಜಗಳೂರಿಗೆ ಕಳಿಸ್ರಿ. ನಿಮ್ಮಕ್ಕ ಸಂಡಿಗೆ ಜೊತೆ ಒಣಗಿಸಿ ಡಬ್ಬಿಗೆ ತುಂಬಿ ಕೊಡ್ತಾರೆ," ಅಂದೆ.

ಅವರು ಚಪ್ಪಲಿ ಮೆಟ್ಟಿಕೊಂಡು ಲಾರಿ ಹುಡುಕಲು ಹೋದರು.

ಜಗಳೂರಿನಲ್ಲಿ ದೋಣಿ ಇಳಿದಾಗ ಸೇರಿದ ಜನ, ಆ ಓಣಿಗೆ ಮೊದಲ ಟಿವಿ ಬಂದಾಗಲೂ ಸೇರಿರಲಿಲ್ಲವಂತೆ. ಗಿರಿಜಕ್ಕ ಆರತಿ ತಟ್ಟೆ ಹಿಡಿದು ನಿಂತಿದ್ದರು. ಶೇಂಗಾ ಒಣಗಿಸುವ ಕಣದ ನಟ್ಟನಡುವೆ ದೋಣಿಗೆ ಜಾಗ. ಒಂದು ಮಗ್ಗುಲಿಗೆ ಶೇಂಗಾ, ಇನ್ನೊಂದು ಮಗ್ಗುಲಿಗೆ ಮೆಣಸಿನಕಾಯಿ. ಆ ಬಿಸಿಲಿಗೆ ವಾರ ತುಂಬುವುದರೊಳಗೆ ದೋಣಿಯ ಒಳಮೈ ತಟ್ಟಿದರೆ ಒಣ ಸೋರೆಬುರುಡೆಯ ಸದ್ದು ಬರತೊಡಗಿತು.

ಮರದ ಕೆಲಸಕ್ಕೆ ಅಲ್ಲಿನ ಕಾಸಿಂ ಸಾಬರು ಬಂದರು. ಲಾರಿ ಬಾಡಿ ಕಟ್ಟುವ ಬಡಗಿ, ದೋಣಿ ಮುಟ್ಟಿದ್ದು ಅದೇ ಮೊದಲು. ದನದ ಕೊಟ್ಟಿಗೆಯಲ್ಲಿ ಬಿದ್ದಿದ್ದ ಹಳೆಯ ತೇಗದ ಬಾಗಿಲನ್ನು ಕೊಯ್ದು ತೊಲೆ ಮಾಡಿದರು, ಹಿಂಬದಿಯ ಹಲಗೆ ಮಾಡಿದರು. ಅಂಟಿನ ಕೆಲಸ ನಮ್ಮವರದು. ರೆಸಿನ್ ಅಂತ ಜೇನಿನಂಥ ಒಂದು ದ್ರವ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ನಾಲ್ಕೇ ಹನಿ ಹಾಕಿ ಕಲಸಿ, ಗಾಜಿನ ನಾರಿನ ಬಟ್ಟೆ ಹಾಸಿ ಬಳಿಯಬೇಕು. ಇವರು ಕಲಸಿದ್ದು ಗಿರಿಜಕ್ಕನ ಸ್ಟೀಲ್ ಚೊಂಬಿನಲ್ಲಿ, ನಡು ಮಧ್ಯಾಹ್ನ, ಕೈ ಧಾರಾಳ ಮಾಡಿ. ಬ್ರಷ್ ಅದ್ದಿ, ಕಾಸಿಂ ಸಾಬರ ಜೊತೆ ಎರಡು ಮಾತಾಡಿ ತಿರುಗುವಷ್ಟರಲ್ಲಿ ಚೊಂಬಿನಿಂದ ಹೊಗೆ! ಬ್ರಷ್ ಎತ್ತಿದರೆ ಚೊಂಬೂ ಜೊತೆಗೇ ಎದ್ದಿತು.

"ಮೇಷ್ಟ್ರೇ, ಇದು ಹೊನ್ನಾಳಿ ಬಿಸಿಲಲ್ಲ," ಅಂದರು ಕಾಸಿಂ ಸಾಬರು.

ಮರುದಿನದಿಂದ ನಸುಕಿನ ತಂಪಿನಲ್ಲಿ ಕೆಲಸ. ಆ ಚೊಂಬು ಬ್ರಷ್ ಸಮೇತ ಈಗಲೂ ಗಿರಿಜಕ್ಕನ ಶೋಕೇಸಿನಲ್ಲಿದೆ. ಬಂದವರಿಗೆಲ್ಲ ತಮ್ಮನಿಗೆ ಬಂದ ಕಪ್ ಅಂತ ಹೇಳುತ್ತಾರೆ.

ಕೆಲಸ ಮುಗಿಯಿತು. ಆದರೆ ದೋಣಿ ಸೋರುವುದಿಲ್ಲ ಅಂತ ಗೊತ್ತಾಗುವುದು ಹೇಗೆ? ನೀರಿಗಿಳಿಸಿ ನೋಡಬೇಕು. ಜಗಳೂರಿನಲ್ಲಿ ಏಪ್ರಿಲ್ ತಿಂಗಳಲ್ಲಿ ಯಾವ ನೀರಿಗೆ ಇಳಿಸುತ್ತೀರಿ?

"ದೋಣಿ ನೀರಾಗೆ ಇಳಿಸಾಕೆ ಆಗ್ದಿದ್ರೆ, ನೀರ್ನೇ ದೋಣ್ಯಾಗೆ ಇಳಿಸ್ರಿ," ಅಂದರು ಗಿರಿಜಕ್ಕ. "ಒಳಗಿಂದು ಹೊರಗೆ ಬಂದ್ರೆ ಹೊರಗಿಂದೂ ಒಳಗೆ ಬರ್ತೈತೆ, ಅಷ್ಟೇ ಅಲ್ಲೇನು?"

ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರುವ ಊರು. ಕೇಳಲು ನನಗೆ ನಾಚಿಕೆ. ಗಿರಿಜಕ್ಕ ಓಣಿಯಲ್ಲಿ ಒಂದು ಸುತ್ತು ಬಂದರು. ಸಂಜೆಗೆ ಹೆಂಗಸರು ಒಬ್ಬೊಬ್ಬರಾಗಿ ಬಂದು, ಮನೆಗೊಂದು ಕೊಡದಂತೆ ದೋಣಿಗೆ ಸುರಿದು ಹೋದರು. ಸುರಿದ ಮೇಲೆ ಯಾರೂ ಮನೆಗೆ ಹೋಗಲಿಲ್ಲ. ಎಲ್ಲರೂ ಕಲ್ಲುಗಳ ಮೇಲೆ ಎತ್ತಿಟ್ಟಿದ್ದ ದೋಣಿಯ ಸುತ್ತ ಕೂತು ಅದರ ತಳವನ್ನೇ ನೋಡತೊಡಗಿದರು.

ತಳ ಒಣಗಿತ್ತು. ಮಗ್ಗುಲು ಒಣಗಿತ್ತು. ಹಿಂಬದಿಯಲ್ಲಿ, ಕೆಳಗಿನ ಮೂಲೆಯಲ್ಲಿ, ಒಂದು ಹನಿ ಮೂಡಿತು. ಅದು ಉದುರಿತು, ಇನ್ನೊಂದು ಮೂಡಿತು.

ಗಿರಿಜಕ್ಕನ ಮುಖ ಸಣ್ಣದಾಯಿತು. "ಬಿಡೋ ತಮ್ಮಾ," ಅಂದರು. "ನನ್ನ ಹಣೇಲಿ ಹೊಳೆ ಬರ್ದಿಲ್ಲ. ನಿಂಗೆ ಸುಮ್ನೆ ತೊಂದ್ರೆ." ಅಷ್ಟು ದಿನ ಆ ದೋಣಿಯನ್ನು ಬೈದುಕೊಂಡು ತಿರುಗಿದವಳಿಗೆ ಆ ಕ್ಷಣದಲ್ಲಿ ಅದು ತೇಲಲೇಬೇಕು ಅನ್ನಿಸಿತು.

ಕಾಸಿಂ ಸಾಬರು ಕಣ್ಣು ಸಣ್ಣದು ಮಾಡಿ ಹನಿಯ ಜಾಗ ಉಗುರಿನಿಂದ ಕೆರೆದರು. ನೀಲಿ ಬಣ್ಣದಡಿಯಲ್ಲಿ ಅಡಗಿ ಕೂತಿದ್ದ ಕೊನೆಯ ಮೊಳೆ! ತಲೆ ಮುರಿದು ಒಳಗೇ ಉಳಿದುಬಿಟ್ಟಿತ್ತು. ಅದನ್ನೂ ಎಳೆದು ತೆಗೆದು, ಆ ಜಾಗ ಆರಿಸಿ, ತೂತು ಮುಚ್ಚಿದರು. ಓಣಿಯ ಕೊಡಗಳು ಮತ್ತೊಮ್ಮೆ ಬಂದವು. ಈ ಸಲ ಹನಿಯೂ ಇಲ್ಲ. ಬೆಳಗಾದ ಮೇಲೆ ಆ ನೀರನ್ನು ಚೆಲ್ಲುವುದುಂಟೇ? ಕುರಿಗಳನ್ನು ತಂದು ಬಿಟ್ಟರು. ಅವು ಮೊದಲು ಮೂಸಿ ಹಿಂದೆ ಸರಿದವು. ಆಮೇಲೆ ದೋಣಿಯ ಎರಡೂ ಅಂಚಿಗೆ ಕಾಲು ಕೊಟ್ಟು ಒಂದೇ ಸಮ ಕುಡಿದವು. ಅಷ್ಟು ಜನ ಅಷ್ಟು ಖುಷಿಯಾಗಿ ನಕ್ಕಿದ್ದನ್ನು ನಾನು ಯಾವ ಮದುವೆಮನೆಯಲ್ಲೂ ನೋಡಿಲ್ಲ.

ಬೇಸಿಗೆಯಲ್ಲಿ ನಮ್ಮ ಹೊಳೆಯಲ್ಲಿ ಮೊಣಕಾಲು ನೀರು, ಮಳೆಗಾಲದಲ್ಲಿ ಕೆಂಪು ಪ್ರವಾಹ. ಹಾಗಾಗಿ ದೋಣಿ ದಸರಾವರೆಗೂ ಜಗಳೂರಿನಲ್ಲೇ ಇತ್ತು. ಗಿರಿಜಕ್ಕ ದಿನಾ ಸಂಜೆ ಅದರ ಹಲಗೆಯ ಮೇಲೆ ಕೂತು ಜೋಳ ಹಸನು ಮಾಡುತ್ತಿದ್ದರಂತೆ. ಎದುರು ಹಲಗೆಯ ಮೇಲೆ ಓಣಿಯ ಹೆಂಗಸರು ಸರದಿ ಪ್ರಕಾರ.

ಮೊನ್ನೆ ಆಯುಧಪೂಜೆಯ ಬೆಳಿಗ್ಗೆ ದೋಣಿ ನಮ್ಮ ಮೆಟ್ಟಿಲ ಬುಡದಲ್ಲಿ ನೀರಿನ ಮೇಲಿತ್ತು. ಹೊಳೆ ತಿಳಿಯಾಗಿತ್ತು. ಗಿರಿಜಕ್ಕ ಹೊಸ ಇಳಕಲ್ ಸೀರೆ ಉಟ್ಟು ಇಳಿದು ಬಂದರು. ಕುಂಕುಮವಾಯಿತು, ಕಾಯಿ ಒಡೆದದ್ದಾಯಿತು. ಅಷ್ಟರಲ್ಲಿ ನಮ್ಮವರು ಒಳಗಿನಿಂದ ಓಡಿ ಬಂದರು. ಎಡಗೈಯಲ್ಲಿ ಮಾರುದ್ದದ ಚೆಂಡುಹೂವಿನ ಹಾರ.

ಬಲಗೈಯಲ್ಲಿ ಸುತ್ತಿಗೆ. ಬಾಯಲ್ಲಿ ಒಂದು ಹೊಸ ಮೊಳೆ.

ನಾನು ಬಾಯಿ ತೆಗೆಯುವ ಮೊದಲೇ ಗಿರಿಜಕ್ಕ ಕೈ ಚಾಚಿದರು. "ಕೊಡಿಲ್ಲಿ," ಅಂದರು. ಡ್ರಿಲ್ ಮೇಷ್ಟ್ರು ಎರಡನೇ ಕ್ಲಾಸಿನ ಹುಡುಗನ ಹಾಗೆ ಸುತ್ತಿಗೆ ಕೊಟ್ಟರು, ಮೊಳೆ ಉಗುಳಿದರು. ಗಿರಿಜಕ್ಕ ಹಾರವನ್ನು ತಮ್ಮ ಕೊರಳಿಗೇ ಹಾಕಿಕೊಂಡು, ತಮ್ಮನ ಭುಜ ಹಿಡಿದು ದೋಣಿ ಹತ್ತಿ, ಹಲಗೆಯ ಮೇಲೆ ಕಾಲು ಇಳಿಬಿಟ್ಟು ಕೂತರು. ಸುತ್ತಿಗೆ ಮಡಿಲಲ್ಲೇ ಇತ್ತು.

ಇವರು ಹುಟ್ಟು ಹಾಕಿದರು. ನಾನು ಎದುರು ಕೂತೆ. ಹಲಗೆ ಅಲ್ಲಾಡಲಿಲ್ಲ. ಹೊಳೆಯ ನಡುವೆ ಬಂದು ದೋಣಿ ತಿರುಗಿದಾಗ ಮನೆ ಕಂಡಿತು, ಹಿತ್ತಲು ಕಂಡಿತು, ಮೆಟ್ಟಿಲು ಕಂಡವು.

ಗಿರಿಜಕ್ಕ ಬಹಳ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲ ಕಡೆ ಮುಖ ಮಾಡಿ, ಯಾರಿಗೋ ಉತ್ತರ ಕೊಡುವಂತೆ, "ಬರಲ್ಲ ಹೋಗವ್ವಾ," ಅಂತ ಮೆಲ್ಲಗೆ ಕೂಗಿದರು. ಕೂಗಿ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡರು.

"ಹೆಂಗೈತಕ್ಕಾ?" ಅಂದರು ಕೊನೆಗೆ ತಮ್ಮ.

"ಚೆನ್ನಾಗೈತೆ ಕಣೋ. ಜಗಳೂರಾಗಿದ್ದಾಗ ಇಷ್ಟು ಅಲ್ಲಾಡ್ತಿರ್ಲಿಲ್ಲ, ಅಷ್ಟೇ."

ಹಾಗೆಂದವರೇ ಮಡಿಲಿನ ಸುತ್ತಿಗೆ ಎತ್ತಿ, ದೋಣಿಯ ಅಂಚಿನಾಚೆ ಹಿಡಿದು, ಕೈ ಬಿಟ್ಟರು. ಗುಳುಂ ಅಂತ ಸದ್ದಾಯಿತು.

ಹೊನ್ನಾಳಿಯ ಹೊಳೆಯಲ್ಲಿ ಯಾರಿಗಾದರೂ ಒಂದು ಸುತ್ತಿಗೆ ಸಿಕ್ಕರೆ, ದಯವಿಟ್ಟು ನಮ್ಮ ಮನೆಗೆ ತಂದುಕೊಡಬೇಡಿ.